ಸಮೂಹ ಸಂಪರ್ಕ ಸಾಧನಗಳೂ ನೆರೆನಾಡುಗಳ ಸಾಮೀಪ್ಯವೂ: ಬೆಳಗಾವಿ-ಖಾನಾಪುರ ಸೀಮೆಯ ನಿದರ್ಶನ

ನೆರೆಹೊರೆಯ ನಾಡುಗಳು ಒಂದಕ್ಕೊಂದು ಸಮೀಪವಾಗುವುದರಲ್ಲಿ ವೃತ್ತಪತ್ರಿಕೆ, ಬಾನುಲಿ, ದೂರದರ್ಶನ ಮೊದಲಾದ ಸಮೂಹ ಸಂಪರ್ಕ ಸಾಧನಗಳ ಪಾಲೆಷ್ಟೆಂಬ ಪ್ರಶ್ನೆಯು ಎರಡನೆಯ ಮಹಾಯುದ್ಧದ ತರುವಾಯ ರಾಜ್ಯಶಾಸ್ತ್ರಜ್ಞರ ಗಮನವನ್ನು ವಿಶೇಷವಾಗಿ ಸೆಳೆದಿದೆ. ಕಾರ್ಲ್ ಡಾಯ್ಚ್ ಎಂಬ ವಿದ್ವಾಂಸರು ೧೯೫೩ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಹೊರಗಿನವರೊಡನೆ ಸಾಧ್ಯವಾಗುವುದಕ್ಕಿಂತ ಹೆಚ್ಚು ವಿಷಯಗಳನ್ನು ಹೆಚ್ಚು ಸುಲಭವಾಗಿ ತಮ್ಮತಮ್ಮೊಳಗೆ ಹೇಳಿಕೊಳ್ಳಬಲ್ಲವರ ಸಮೂಹವೇ ಒಂದು ಜನಾಂಗವೆಂದು ಪ್ರತಿಪಾದಿಸಿದರು. ೧೯೫೭ರಲ್ಲಿ ಅವರೂ ಅವರ ಸಂಗಡಿಗರೂ ಉತ್ತರ ಅಟ್ಲಾಂಟಿಕ್ ಪ್ರದೇಶವನ್ನು ಕುರಿತು ಬರೆದ ಪುಸ್ತಕದಲ್ಲಿ ಈ ವಿಚಾರವನ್ನು ಇನ್ನಷ್ಟು ಮುಂದಕ್ಕೊಯ್ದರು. ನೆರೆಯ ರಾಷ್ಟ್ರಗಳು ಯುದ್ಧದ ಯೋಚನೆಯನ್ನೇ ಬಿಟ್ಟು ಬಾಳುವ ಸ್ಥಿತಿಗೆ ಬರಬೇಕಾದರೆ ಅವುಗಳ ನಡುವೆ ಅಂಚೆ, ವ್ಯಾಪಾರ, ಪ್ರವಾಸ, ಸುದ್ದಿಗಳ ಹರಿವು ಹೆಚ್ಚಬೇಕು. ಅದರೊಡನೆ ಒಬ್ಬರ ಅಗತ್ಯಕ್ಕೆ ಮತ್ತೊಬ್ಬರು ಓಗೊಡುವ ಅಭ್ಯಾಸವೂ ಬೆಳೆಯಬೇಕು ಎಂಬುದು ಅವರ ಅಭಿಪ್ರಾಯದ ಸಾರಾಂಶ. ಈ ಎರಡನೆಯ ಮಾತನ್ನು ಅನೇಕರು ಮರೆತು ಮೊದಲನೆಯದನ್ನು ಮಾತ್ರ ಹಿಡಿದುಕೊಂಡರು. ಸುದ್ದಿ ಹೆಚ್ಚಿದಷ್ಟೂ ಸ್ನೇಹವು ಹೆಚ್ಚುವುದೆಂಬ ನಂಬಿಕೆಯು ಹೀಗೆ ಬಲವಾಯಿತು.

ಈ ನಂಬಿಕೆಯನ್ನು ಪರೀಕ್ಷಿಸಲು ಯುರೋಪಿಗೆ ಹೋಗಬೇಕಾದ ಅವಶ್ಯಕತೆಯಿಲ್ಲ. ಬೆಳಗಾವಿಯಿಂದ ಖಾನಾಪುರ, ಲೋಂಡಾಗಳನ್ನು ಹಾದು ಸಹ್ಯಾದ್ರಿಯ ಅಂಚಿಗೆ ಬರುವ ಐವತ್ತು ಅರವತ್ತು ಮೈಲಿಗಳ ದಾರಿಯೊಂದರಲ್ಲಿಯೇ ಅದಕ್ಕೆ ಬೇಕಾದ ಸಾಮಗ್ರಿಯೆಲ್ಲ ದೊರೆಯುತ್ತದೆ. ೧೯೬೧ರ ಡಿಸೆಂಬರ್ ೧೯ರವರೆಗೆ ಈ ದಾರಿಯ ತುದಿಯಲ್ಲಿದ್ದುದು ಅಂತಾರಾಷ್ಟ್ರೀಯ ಗಡಿ. ಆಚೆಗೆ ಪೋರ್ತುಗೀಜರ ಗೋವೆ. ೧೯೫೬ರ ನವೆಂಬರ್ ೧ರಿಂದ ಇದೇ ಸೀಮೆಯು ಎರಡು ರಾಜ್ಯಗಳ ಗಡಿಯೂ ಆಯಿತು. ಹೀಗೆ ರಾಷ್ಟ್ರಗಳ ಗಡಿ, ರಾಜ್ಯಗಳ ಗಡಿ, ಭಾಷೆಗಳ ಗಡಿ ಎಂಬ ಮೂರನ್ನೂ ಒಂದೇ ತಾಲೂಕಿನ ಜನರು ಒಂದೇ ಆಯುಷ್ಯದಲ್ಲಿ ಕಂಡಿದ್ದಾರೆ. ಇಂತಹ ಸೀಮೆಯಲ್ಲಿ ಸುದ್ದಿಯು ಹೇಗೆ ಸಂಚರಿಸಿತು, ಯಾವಾಗ ಕೂಡಿಸಿತು, ಯಾವಾಗ ಅಗಲಿಸಿತು ಎಂಬುದನ್ನು ನಾವು ಈ ಲೇಖನದಲ್ಲಿ ವಿವೇಚಿಸಹೊರಟಿದ್ದೇವೆ.

ಮೊದಲು ಹಾದಿಯ ಮಾತು. ಗಡಿಗಳೆಲ್ಲ ಈಚಿನವು, ಹಾದಿಗಳು ಹಳೆಯವು. ಖಾನಾಪುರ ತಾಲೂಕಿನ ಹಲಸಿಯು ಬನವಾಸಿಯ ಕದಂಬರ ಎರಡನೆಯ ರಾಜಧಾನಿಯೆನಿಸಿತ್ತು. ಮುಂದೆ ಗೋವೆಯ ಕದಂಬರು ಘಟ್ಟದ ಕೆಳಗಿನ ಕರಾವಳಿಯನ್ನೂ ಘಟ್ಟದ ಮೇಲಿನ ಹಲಸಿಗೆ ನಾಡನ್ನೂ ಕೂಡಿಯೇ ಆಳಿದರು. ಊರ ನಡುವೆ ನಿಲ್ಲಿಸಿ ಎಲ್ಲರಿಗೂ ತಿಳಿಯಲೆಂದು ಬರೆಸಿದ ಅವರ ಶಾಸನಗಳನ್ನು ಆ ಕಾಲದ ಸಾರ್ವಜನಿಕ ಪ್ರಕಟಣೆಗಳೆಂದರೆ ತಪ್ಪಾಗಲಾರದು. ಆಧುನಿಕ ಕಾಲದಲ್ಲಿ ಈ ಎರಡು ಸೀಮೆಗಳನ್ನು ಮತ್ತೆ ಹೊಲಿದದ್ದು ರೈಲುಮಾರ್ಗ. ೧೮೭೮ರಲ್ಲಿ ಬ್ರಿಟಿಷರಿಗೂ ಪೋರ್ತುಗೀಜರಿಗೂ ಆದ ಒಪ್ಪಂದದ ಫಲವಾಗಿ, ಕ್ಯಾಸಲ್‌ರಾಕಿನಿಂದ ದೂಧಸಾಗರದ ಕಣಿವೆಯ ಮೂಲಕ ಮರ್ಮಗೋವೆ ಬಂದರದವರೆಗಿನ ಮಾರ್ಗವು ೧೮೮೮ರಲ್ಲಿ ತೆರೆಯಿತು. ಬಯಲುಸೀಮೆಯ ಸರಕು ಬಂದರಕ್ಕೆ ಹೋಗಲೆಂದು ಹಾಕಿದ ಕಂಬಿಗಳ ಮೇಲೆ ಅಂಚೆಯ ಚೀಲಗಳೂ ಪತ್ರಿಕೆಯ ಕಟ್ಟುಗಳೂ ಹೊರಟವು. ಲೋಂಡಾ ಜಂಕ್ಷನ್ನಿಗೆ ಮುಂದಿನ ಚರಿತ್ರೆಯಲ್ಲಿ ದೊರೆತ ಸ್ಥಾನಕ್ಕೆ ಇದೇ ಕಾರಣ.

ಬೆಳಗಾವಿಯ ಪತ್ರಿಕಾ ಪ್ರಪಂಚವು ಮೊದಲಿನಿಂದಲೂ ಎರಡು ನಾಲಗೆಯದು. ಮುಂಬಯಿ ಇಲಾಖೆಯ ದಕ್ಷಿಣದ ಅಂಚಿನಲ್ಲಿದ್ದ ಈ ಊರಿಗೆ ೧೮೮೧ರಲ್ಲಿ ಪುಣೆಯಲ್ಲಿ ಹುಟ್ಟಿದ 'ಕೇಸರಿ' ಪತ್ರಿಕೆಯ ವಿಚಾರಗಳು ಬಹು ಬೇಗ ತಲಪಿದವು. ಲೋಕಮಾನ್ಯ ತಿಲಕರು ತಮ್ಮ ಹೋಮ್‌ರೂಲ್ ಲೀಗನ್ನು ೧೯೧೬ರ ಏಪ್ರಿಲ್‌ನಲ್ಲಿ ಸ್ಥಾಪಿಸಿದ್ದು ಇಲ್ಲಿಯೇ. 'ಕರ್ನಾಟಕ ಸಿಂಹ'ರೆಂದು ಹೆಸರಾದ ಹುದಲಿಯ ಗಂಗಾಧರರಾವ್ ದೇಶಪಾಂಡೆಯವರು ತಮ್ಮ ಆತ್ಮಕಥೆಯನ್ನು ಮರಾಠಿಯಲ್ಲಿ ಬರೆದರೆಂಬುದು ಇಂದಿನ ವಾಚಕರಿಗೆ ಆಶ್ಚರ್ಯವೆನಿಸಬಹುದು. ಅಂದಿನವರಿಗೆ ಅದರಲ್ಲಿ ವಿಚಿತ್ರವಾದುದೇನೂ ಕಾಣಲಿಲ್ಲ. ೧೯೧೯ರಲ್ಲಿ ಬಾಬೂರಾವ್ ಠಾಕೂರರು 'ತರುಣ ಭಾರತ' ಎಂಬ ಮರಾಠಿ ಪತ್ರಿಕೆಯನ್ನು ಬೆಳಗಾವಿಯಲ್ಲಿ ಆರಂಭಿಸಿದರು. ಆ ದಶಕದ ಮರುದಶಕವು ಮುಗಿಯುವ ಹೊತ್ತಿಗೆ ಅದೇ ಊರಿನಲ್ಲಿ 'ಸಂಯುಕ್ತ ಕರ್ನಾಟಕ'ವೂ ಜನಿಸಿ, ಕೆಲವು ವರ್ಷಗಳಲ್ಲಿ ಹುಬ್ಬಳ್ಳಿಗೆ ಸ್ಥಳಾಂತರ ಹೊಂದಿತು.

ಈ ಕಡೆಯ ಪತ್ರಿಕೆಯ ಹೆಸರನ್ನು ಸ್ವಲ್ಪ ನಿಂತು ನೋಡಬೇಕು. ೧೯೨೪ರಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಬೆಳಗಾವಿಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆದಾಗ ಅದರ ಜೊತೆಯಲ್ಲಿಯೇ ಕರ್ನಾಟಕ ಏಕೀಕರಣದ ಪರಿಷತ್ತೂ ಸೇರಿತು. ಹರಿದು ಹಂಚಿಹೋದ ಕನ್ನಡ ನಾಡು ಸಂಯುಕ್ತವಾಗಬೇಕೆಂಬ ಆಸೆಯು ಪತ್ರಿಕೆಯ ಶಿರೋನಾಮೆಯಾಗಿ ದಿನಬೆಳಗಾದರೆ ವಾಚಕನ ಕಣ್ಣಿಗೆ ಬೀಳತೊಡಗಿತು. ೧೯೪೬ರಲ್ಲಿ ಇದೇ ಬೆಳಗಾವಿಯಲ್ಲಿ ಮರಾಠಿ ಸಾಹಿತ್ಯ ಸಮ್ಮೇಳನವು ಕೂಡಿತು. ಅದರ ಅಧ್ಯಕ್ಷರಾದ ಗ. ತ್ರ್ಯಂ. ಮಾಡಖೋಲಕರರೂ ಪತ್ರಿಕಾ ಸಂಪಾದಕರೇ. ಅವರು ನಡೆಸುತ್ತಿದ್ದುದು ನಾಗಪುರದ 'ತರುಣ ಭಾರತ', ಬೆಳಗಾವಿಯದಲ್ಲ. ಸಂಯುಕ್ತ ಮಹಾರಾಷ್ಟ್ರವು ಆಗಬೇಕೆಂಬ ನಿರ್ಣಯವು ಆ ಸಮ್ಮೇಳನದಲ್ಲಿ ಅಂಗೀಕೃತವಾಯಿತು. ಹೀಗೆ 'ಸಂಯುಕ್ತ'ವೆಂಬ ಒಂದೇ ಸಂಸ್ಕೃತ ಶಬ್ದವು ಒಂದೇ ಊರಿನಲ್ಲಿ ಎರಡು ದಿಕ್ಕುಗಳಿಗೆ ಮುಖಮಾಡಿ ನಿಂತಿತು. ಎರಡು ಕಡೆಯ ಪತ್ರಿಕೆಗಳೂ ಏಕೀಕರಣದ ಕಾರ್ಯವನ್ನೇ ಮಾಡಿದವು, ಎರಡೂ ಯಶಸ್ವಿಯಾದವು, ಮತ್ತು ಅವುಗಳ ಯಶಸ್ಸಿನಿಂದಲೇ ಬೆಳಗಾವಿಯ ಗಡಿಪ್ರಶ್ನೆಯು ಹುಟ್ಟಿತು. ಸಂಪರ್ಕ ಸಾಧನಗಳು ಕೂಡಿಸುತ್ತವೆ ಎಂದು ಹೇಳುವವರು, ಯಾರನ್ನು ಯಾರೊಡನೆ ಎಂದೂ ಹೇಳಬೇಕಾಗುವುದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನವು ನಮಗೆ ತಿಳಿಯದು.

ಗೋವೆಯ ವಿಷಯವು ಇದಕ್ಕಿಂತ ಭಿನ್ನವಾದುದು, ನಮ್ಮ ಪ್ರಶ್ನೆಗೆ ಇನ್ನೂ ಹತ್ತಿರವಾದುದು. ಭಾರತಕ್ಕೆ ಮುದ್ರಣಯಂತ್ರವು ಮೊಟ್ಟಮೊದಲು ಬಂದದ್ದು ಗೋವೆಗೆ, ೧೫೫೬ರಲ್ಲಿ. ಆದರೆ ಇಪ್ಪತ್ತನೆಯ ಶತಮಾನದ ನಡುವಿನಲ್ಲಿ, ಸಲಾಜಾರನ ಆಡಳಿತದಲ್ಲಿ, ಅಚ್ಚಾಗುವ ಪ್ರತಿಯೊಂದು ಕಾಗದಕ್ಕೂ ಸರಕಾರದ ಪೂರ್ವಪರಿಶೀಲನೆಯ ಮುದ್ರೆ ಬೇಕಾಗಿತ್ತು. ಮದುವೆಯ ಲಗ್ನಪತ್ರಿಕೆಯನ್ನು ಸಹ ಪರಿಶೀಲಕನಿಗೆ ತೋರಿಸಬೇಕಾಗಿತ್ತೆಂದು ಅಂದಿನ ಹೋರಾಟಗಾರರು ಬರೆದಿದ್ದಾರೆ. ೧೯೪೬ರ ಜೂನ್ ೧೮ರಂದು ಡಾ. ರಾಮಮನೋಹರ ಲೋಹಿಯಾ ಅವರು ಮಡಗಾವಿಯಲ್ಲಿ ಸಭೆ ನಡೆಸಿ ಈ ಕಟ್ಟನ್ನು ಮುರಿಯಲು ಯತ್ನಿಸಿದ ಬಳಿಕ, ಗೋವೆಯ ರಾಷ್ಟ್ರೀಯ ಕಾಂಗ್ರೆಸಿನವರು ಅದೇ ವರ್ಷ ಸಭೆ ಸೇರಿದ್ದು ಖಾನಾಪುರ ತಾಲೂಕಿನ ಲೋಂಡಾದಲ್ಲಿ. ತಮ್ಮ ಊರಿನಲ್ಲಿ ಆಡಲಾಗದ ಮಾತನ್ನು ಅವರು ನಮ್ಮ ಜಂಕ್ಷನ್ನಿಗೆ ಬಂದು ಆಡಿದರು. ಆ ಮಾತು ಹಿಂದಿರುಗಿ ಹೋಗುವುದು ಮಾತ್ರ ಸುಲಭವಾಗಿರಲಿಲ್ಲ.

೧೯೫೫ರ ಆಗಸ್ಟ್ ೧೫ರಂದು ನಿಶ್ಶಸ್ತ್ರರಾಗಿ ಗಡಿಯನ್ನು ದಾಟಿದ ಸತ್ಯಾಗ್ರಹಿಗಳ ಮೇಲೆ ಪೋರ್ತುಗೀಜರು ಗುಂಡು ಹಾರಿಸಿ ಹಲವರನ್ನು ಕೊಂದರು. ಭಾರತ ಸರಕಾರವು ಗೋವೆಯೊಡನೆ ಇದ್ದ ರಾಯಭಾರ ಸಂಬಂಧವನ್ನು ಕಡಿದುಕೊಂಡಿತು, ಗಡಿ ಮುಚ್ಚಿತು, ಕ್ಯಾಸಲ್‌ರಾಕಿನ ರೈಲು ನಿಂತಿತು, ಅಂಚೆಯ ದಾರಿಯೂ ಕಟ್ಟಿತು. ಡಾಯ್ಚ್ ಅವರ ಲೆಕ್ಕದಲ್ಲಿ ನೆರೆಹೊರೆಯ ಹರಿವುಗಳೆಲ್ಲ ಒಂದೇ ವರ್ಷದಲ್ಲಿ ಸೊನ್ನೆಗೆ ಇಳಿದವೆನ್ನಬೇಕು. ಆ ಸೊನ್ನೆಯ ಹಿನ್ನೆಲೆಯಲ್ಲಿಯೇ ಈ ಸೀಮೆಯ ಬಾನುಲಿಯ ಕಥೆಯು ಆರಂಭವಾಗುವುದು.

೧೯೫೫ರ ನವೆಂಬರ್ ೨೫ರಂದು ಗೋವೆಯ ಜನರಿಗೆ ಹೊಸದೊಂದು ಧ್ವನಿ ಕೇಳಿಸಿತು. ಪೋರ್ತುಗೀಜ್ ಭಾಷೆಯಲ್ಲಿ 'ವೋಜ್ ದ ಲಿಬೆರ್ದಾದ್' ಎಂದೂ, ಕೊಂಕಣಿಯಲ್ಲಿ ಗೋವೆಯ ಬಿಡುಗಡೆಯ ಧ್ವನಿಯೆಂಬ ಅರ್ಥದ ಹೆಸರಿನಿಂದಲೂ ಅದು ತನ್ನನ್ನು ಕರೆದುಕೊಂಡಿತು. ಇದನ್ನು ನಡೆಸಿದವರು ವಾಮನ ಸರದೇಸಾಯಿ ಮತ್ತು ಲಿಬಿಯಾ ಲೋಬೊ ಎಂಬ ತರುಣ ತರುಣಿಯರು. ಮೊದಲು ಅಂಬೋಲಿಯ ಕಾಡಿನಿಂದಲೂ ಅನಂತರ ಕ್ಯಾಸಲ್‌ರಾಕಿನ ಕಾಡಿನಿಂದಲೂ ಅವರು ಪ್ರಸಾರ ಮಾಡಿದರು. ಅಂಬೋಲಿಯು ಬೆಳಗಾವಿಯಿಂದ ಸಾವಂತವಾಡಿಗೆ ಇಳಿಯುವ ಘಟ್ಟದ ತಲೆಯಲ್ಲಿದೆ. ಕ್ಯಾಸಲ್‌ರಾಕ್ ಲೋಂಡಾದಿಂದ ಪಶ್ಚಿಮಕ್ಕೆ, ಉತ್ತರ ಕನ್ನಡ ಜಿಲ್ಲೆಯ ಮೂಲೆಯಲ್ಲಿ. ಸಹ್ಯಾದ್ರಿಯ ಈ ಭಾಗದ ಮಳೆಗಾಲವನ್ನು ಬಲ್ಲವರಿಗೆ ಆರು ವರ್ಷ ಆ ಕಾಡಿನಲ್ಲಿ ಇರುವುದೆಂದರೇನೆಂದು ವಿವರಿಸಬೇಕಾಗಿಲ್ಲ. ಜಿಗಣೆ, ಹಾವು, ಕಾಡುಮೃಗಗಳ ನಡುವೆ, ಯಂತ್ರವನ್ನು ತೇವದಿಂದ ಕಾಪಾಡುತ್ತ, ಲಿಸ್ಬನ್ನಿನ ಪ್ರಸಾರವನ್ನು ಆಲಿಸಿ ಅದಕ್ಕೆ ಉತ್ತರವನ್ನು ಬರೆದು ಓದುವುದು ಅವರ ನಿತ್ಯದ ಕೆಲಸವಾಯಿತು. ೧೯೬೧ರ ಡಿಸೆಂಬರ್‌ವರೆಗೂ ಅದು ನಡೆಯಿತು.

ಈ ಪ್ರಸಾರದ ಶಕ್ತಿಯು ಎಲ್ಲಿತ್ತೆಂಬುದನ್ನು ಕೊಂಚ ವಿಸ್ತಾರವಾಗಿ ಹೇಳುವುದು ಅವಶ್ಯ. ಮೊದಲನೆಯದಾಗಿ, ರೇಡಿಯೋ ಅಲೆಗೆ ಸುಂಕದ ಕಟ್ಟೆಯಿಲ್ಲ. ಪತ್ರಿಕೆಯ ಕಟ್ಟನ್ನು ಗಡಿಯಲ್ಲಿ ತಡೆದು ಸುಡಬಹುದು. ಅಲೆಯನ್ನು ಗದ್ದಲದ ಪ್ರತಿ-ಅಲೆಯಿಂದ ಕೆಡಿಸಬಹುದಾದರೂ ಅದಕ್ಕೆ ಬಹಳ ವೆಚ್ಚ ತಗಲುವುದು, ಪೂರ್ಣವಾಗಿ ಕೆಡಿಸುವುದಂತೂ ಕಷ್ಟ. ಎರಡನೆಯದು ಇದಕ್ಕಿಂತ ಮುಖ್ಯವಾದುದು. ಕೊಂಕಣಿಯನ್ನು ಕ್ರೈಸ್ತರು ರೋಮನ್ ಲಿಪಿಯಲ್ಲಿಯೂ ಹಿಂದೂಗಳು ಬಹುಮಟ್ಟಿಗೆ ದೇವನಾಗರಿಯಲ್ಲಿಯೂ, ಕರ್ನಾಟಕದ ಕರಾವಳಿಯವರು ಕನ್ನಡ ಲಿಪಿಯಲ್ಲಿಯೂ ಬರೆಯುತ್ತ ಬಂದಿದ್ದಾರೆ. ಹೀಗಾಗಿ ಕೊಂಕಣಿಯ ಅಚ್ಚಿನ ಹಾಳೆಯು ಯಾವ ಲಿಪಿಯಲ್ಲಿದ್ದರೂ ಅರ್ಧ ಜನರಿಗೆ ಮುಚ್ಚಿದ ಬಾಗಿಲು. ಬಾನುಲಿಗೆ ಲಿಪಿಯಿಲ್ಲ. ಮಡಗಾವಿಯ ಕ್ರೈಸ್ತನೂ ಫೋಂಡೆಯ ಹಿಂದುವೂ ಒಂದೇ ಮಾತನ್ನು ಒಂದೇ ಗಳಿಗೆಯಲ್ಲಿ ಕೇಳುವುದು, ಅಕ್ಷರ ಬಾರದ ಒಕ್ಕಲಿಗನೂ ಅವರೊಡನೆ ಕೇಳುವುದು, ಅಚ್ಚಿನಿಂದ ಆಗದ ಕಾರ್ಯವಾಗಿತ್ತು. ಪೋರ್ತುಗೀಜ್ ಭಾಷೆಯ ಪ್ರಸಾರವಾದರೋ ಆಳುವವರ ಕಿವಿಗಾಗಿಯೇ ಉದ್ದೇಶಿಸಿದ್ದು. ಒಂದೇ ಕೇಂದ್ರವು ಆಳುವವರೊಡನೆ ಅವರ ಭಾಷೆಯಲ್ಲಿ, ಆಳಿಸಿಕೊಳ್ಳುವವರೊಡನೆ ಇವರ ಭಾಷೆಯಲ್ಲಿ ಮಾತನಾಡಿತು.

ಡಿಸೆಂಬರ್ ೧೮ರಂದು ಮೇಜರ್ ಜನರಲ್ ಕ್ಯಾಂಡೆತ್ ಅವರ ನೇತೃತ್ವದಲ್ಲಿ ಭಾರತೀಯ ಸೈನ್ಯವು ಗೋವೆಯನ್ನು ಪ್ರವೇಶಿಸಿತು. ಅದು ಕೂಡಿಬಂದುದು ಬೆಳಗಾವಿಯಲ್ಲಿ. ಅದರ ಒಂದು ತುಕಡಿಯು ಅನಮೋಡ ಘಟ್ಟದಿಂದ ಇಳಿಯಿತು. ಶರಣಾಗಬೇಕೆಂದು ಪೋರ್ತುಗೀಜ್ ಗವರ್ನರ್ ಜನರಲ್ಲನಿಗೆ ಕೊಟ್ಟ ಕಡೆಯ ಕರೆಯೂ ಈ ಕಾಡಿನ ಕೇಂದ್ರದಿಂದಲೇ ಪ್ರಸಾರವಾಯಿತು. ಅದೇ ದಿನ ಭಾರತದ ವಿಮಾನಗಳು ಮೊದಲು ಹೊಡೆದ ಗುರಿಗಳಲ್ಲಿ ಬಾಂಬೋಳಿಯ ನಿಸ್ತಂತು ಕೇಂದ್ರವೂ ಒಂದು. ಯುದ್ಧಶಾಸ್ತ್ರವು ಸಂಪರ್ಕ ಸಾಧನಗಳಿಗೆ ಕೊಡುವ ಬೆಲೆಯನ್ನು ಇದಕ್ಕಿಂತ ಚೆನ್ನಾಗಿ ತೋರಿಸುವುದು ಕಷ್ಟ. ಮರುದಿನ ಶರಣಾಗತಿಯಾಯಿತು. ಬಳಿಕ ಸರದೇಸಾಯಿಯವರೂ ಲಿಬಿಯಾ ಲೋಬೊ ಅವರೂ ಧ್ವನಿವರ್ಧಕವನ್ನು ಕಟ್ಟಿದ ವಿಮಾನವೊಂದರಲ್ಲಿ ಪಣಜಿಯ ಮೇಲೆ ಹಾರಾಡುತ್ತ ಬಿಡುಗಡೆಯ ಸುದ್ದಿಯನ್ನು ಕೂಗಿ ಹೇಳಿದರು. ಆರು ವರ್ಷ ಮುಖ ಕಾಣದ ಧ್ವನಿಯಾಗಿದ್ದವರು ಆಗಲೂ ಧ್ವನಿಯಾಗಿಯೇ ಊರನ್ನು ಪ್ರವೇಶಿಸಿದರು. ಲಿಬಿಯಾ ಲೋಬೊ ಸರದೇಸಾಯಿ ಅವರಿಗೆ ಭಾರತ ಸರಕಾರವು ೨೦೨೫ರಲ್ಲಿ ಪದ್ಮಶ್ರೀ ಪ್ರಶಸ್ತಿಯನ್ನು ಘೋಷಿಸಿತು. ಗೋವೆಯಲ್ಲಿ ಅವರ ಹೆಸರು ಮನೆಮಾತು. ಆ ಧ್ವನಿಯು ಹೊರಟ ಕಾಡು ಇರುವ ಕರ್ನಾಟಕದಲ್ಲಿ ಅದನ್ನು ಬಲ್ಲವರು ಬೆರಳೆಣಿಕೆಯವರು. ಇದೂ ನಮ್ಮ ವಿಷಯಕ್ಕೆ ಸೇರಿದ ಸಂಗತಿಯೇ.

ಬಾನುಲಿಯು ಗಡಿಯನ್ನು ದಾಟುವುದಕ್ಕೆ ಯಾವಾಗಲೂ ಹೋರಾಟವೇ ಕಾರಣವಾಗಬೇಕಿಲ್ಲ. ೧೯೫೦ರ ಜನವರಿ ೮ರಂದು ಧಾರವಾಡದಲ್ಲಿ ಆಕಾಶವಾಣಿ ಕೇಂದ್ರವು ಆರಂಭವಾದಾಗ ಅದರ ಸುತ್ತಲಿನ ನಾಡು ಇನ್ನೂ ಮುಂಬಯಿ ಪ್ರಾಂತವೇ. ರಾಜ್ಯವು ಕೂಡುವ ಆರು ವರ್ಷ ಮೊದಲೇ ಬೆಳಗಾವಿಯ ಶ್ರೋತೃವು ಕನ್ನಡದ ಬಾನುಲಿಯೊಳಗೆ ಕೂಡಿದ್ದನು. ಮಧ್ಯಮ ತರಂಗದ ಪ್ರಸಾರವು ಹಗಲಿನಲ್ಲಿ ನೆಲವನ್ನು ಹಿಡಿದು ಸಾಗುವುದು. ರಾತ್ರಿಯಲ್ಲಿ ಮೇಲಿನ ವಾಯುಸ್ತರದಿಂದ ಪ್ರತಿಫಲಿಸಿ ನೂರಾರು ಮೈಲಿಗಳಾಚೆಗೆ ಬೀಳುವುದು. ಆದುದರಿಂದ ಯಾವ ರಾಜ್ಯದ ಕೇಂದ್ರವೂ ಆ ರಾಜ್ಯದ ಸ್ವತ್ತಾಗಿ ಉಳಿಯಲಾರದು. ಪಣಜಿಯ ಪೋರ್ತುಗೀಜ್ ಬಾನುಲಿ 'ಎಮಿಸೋರಾ ದ ಗೋವಾ' ಬಿಡುಗಡೆಯ ನಂತರ ಆಕಾಶವಾಣಿಯಾಯಿತು. ೧೯೬೩ರಲ್ಲಿ ಸಾಂಗಲಿಯ ಕೇಂದ್ರವು ಬಂದಿತು. ಧಾರವಾಡ, ಸಾಂಗಲಿ, ಪಣಜಿ ಈ ಮೂರರ ನಡುವೆ ಬೆಳಗಾವಿಯ ಮನೆಯ ರೇಡಿಯೋದ ಮುಳ್ಳು ತಿರುಗುತ್ತಿತ್ತು. ಒಂದರಲ್ಲಿ ಕನ್ನಡದ ನಾಟಕ, ಮತ್ತೊಂದರಲ್ಲಿ ಮರಾಠಿಯ ಭಾವಗೀತ, ಮಗುದೊಂದರಲ್ಲಿ ಕೊಂಕಣಿಯ ಹಾಡು. ಇನ್ನೂ ದೂರದ ದೃಷ್ಟಾಂತ ಬೇಕಾದವರು ರೇಡಿಯೋ ಸಿಲೋನನ್ನು ನೆನೆಯಬಹುದು. ಕೇಂದ್ರ ಸಚಿವ ಬಾ. ವಿ. ಕೇಸ್ಕರರು ಆಕಾಶವಾಣಿಯಿಂದ ಚಲಚ್ಚಿತ್ರ ಗೀತೆಗಳನ್ನು ದೂರವಿಟ್ಟ ೧೯೫೨ರಲ್ಲಿಯೇ ಅವು ಕೊಲಂಬೊದಿಂದ ಭಾರತಕ್ಕೆ ಮರಳಿ ಬಂದವು. ಐದು ವರ್ಷಗಳ ನಂತರ, ೧೯೫೭ರಲ್ಲಿ, ಭಾರತ ಸರಕಾರವು ವಿವಿಧಭಾರತಿಯನ್ನು ಆರಂಭಿಸಬೇಕಾಯಿತು. ನೆರೆಯ ದೇಶದ ಬಾನುಲಿಯೊಂದು ನಮ್ಮ ಸರಕಾರದ ನೀತಿಯನ್ನೇ ತಿದ್ದಿತೆಂದರೆ ಅತಿಶಯೋಕ್ತಿಯಾಗದು.

ಈಗ ಭಾಷೆಯ ಮಾತಿಗೆ ಬರೋಣ. ಒಂದೇ ಭಾಷೆಯ ಪತ್ರಿಕೆಯನ್ನು ಓದುವವರು ಒಂದೇ ರಾಜಕೀಯ ಅಭಿಪ್ರಾಯಕ್ಕೆ ಬರುವರೆಂದು ಎರಡು ಕಡೆಯ ಗಡಿವಾದಿಗಳೂ ಗೃಹೀತವಾಗಿ ಹಿಡಿದಿದ್ದಾರೆ. ಗೋವೆಯ ಜನಮತಗಣನೆಯು ಇದನ್ನು ಸುಳ್ಳಾಗಿಸಿತು. ೧೯೬೭ರ ಜನವರಿ ೧೬ರಂದು, ಗೋವೆಯು ಮಹಾರಾಷ್ಟ್ರದಲ್ಲಿ ವಿಲೀನವಾಗಬೇಕೆ ಅಥವಾ ಕೇಂದ್ರಾಡಳಿತ ಪ್ರದೇಶವಾಗಿ ಉಳಿಯಬೇಕೆ ಎಂಬ ಪ್ರಶ್ನೆಯ ಮೇಲೆ ಜನರು ಮತ ಕೊಟ್ಟರು. ವಿಲೀನದ ಪರವಾಗಿ ೧,೩೮,೧೭೦. ಕೇಂದ್ರಾಡಳಿತದ ಪರವಾಗಿ ೧,೭೨,೧೯೧. ವಿಲೀನವನ್ನು ಬೆಂಬಲಿಸಿದ ಪ್ರಮುಖ ಪತ್ರಿಕೆ 'ಗೋಮಂತಕ', ಮರಾಠಿಯದು. ವಿಲೀನವನ್ನು ವಿರೋಧಿಸಿದ ಪ್ರಮುಖ ಪತ್ರಿಕೆ 'ರಾಷ್ಟ್ರಮತ', ಅದೂ ಮರಾಠಿಯದೇ. ಉದಯ ಭೆಂಬ್ರೆಯವರು 'ಬ್ರಹ್ಮಾಸ್ತ್ರ'ವೆಂಬ ಅಂಕಣದಲ್ಲಿ ವಿಲೀನದ ವಾದವನ್ನು ದಿನದಿನವೂ ಮರಾಠಿಯಲ್ಲಿಯೇ ಖಂಡಿಸಿದರು. ಮರಾಠಿಯನ್ನು ಓದುವ ಗೋವೆಯ ಹಿಂದುವನ್ನು ಒಲಿಸಿಕೊಳ್ಳಬೇಕಾದರೆ ಅವನು ಓದುವ ಭಾಷೆಯಲ್ಲಿಯೇ ಬರೆಯಬೇಕೆಂಬ ಸರಳ ವಿವೇಕವು ಅದರ ಹಿಂದೆ ಇತ್ತು. ನಮ್ಮ ಗಡಿಯ ಎರಡೂ ಮಗ್ಗುಲಲ್ಲಿ ಇಂತಹ ಪ್ರಯತ್ನವು ಬಹಳ ವಿರಳ. ಬೆಳಗಾವಿಯ ವಿಷಯದಲ್ಲಿ ಕನ್ನಡದ ವಾದವನ್ನು ಕನ್ನಡಿಗರಿಗೆ, ಮರಾಠಿಯ ವಾದವನ್ನು ಮರಾಠಿಗರಿಗೆ ಹೇಳಿ ತೃಪ್ತಿಪಡುವುದೇ ರೂಢಿ.

ಆ ರೂಢಿಯ ಪರಿಣಾಮವನ್ನು ಮಹಾಜನ ವರದಿಯ ವಿಷಯದಲ್ಲಿ ಕಾಣಬಹುದು. ರಾಜ್ಯ ಪುನರ್ವಿಂಗಡಣೆಯಲ್ಲಿ ಚಂದಗಡ ತಾಲೂಕನ್ನುಳಿದು ಬೆಳಗಾವಿ ಜಿಲ್ಲೆಯು ಮೈಸೂರು ರಾಜ್ಯಕ್ಕೆ ಬಂದಿತು. ಮಹಾರಾಷ್ಟ್ರದ ಒತ್ತಾಯದ ಮೇಲೆ, ವಿಶೇಷವಾಗಿ ಸೇನಾಪತಿ ಬಾಪಟರ ಉಪವಾಸದ ತರುವಾಯ, ಕೇಂದ್ರ ಸರಕಾರವು ೧೯೬೬ರ ಅಕ್ಟೋಬರಿನಲ್ಲಿ ಸರ್ವೋಚ್ಚ ನ್ಯಾಯಾಲಯದ ನಿವೃತ್ತ ಮುಖ್ಯ ನ್ಯಾಯಾಧೀಶರಾದ ಮೆಹರಚಂದ ಮಹಾಜನರ ಆಯೋಗವನ್ನು ನೇಮಿಸಿತು. ೧೯೬೭ರ ಆಗಸ್ಟಿನಲ್ಲಿ ಬಂದ ವರದಿಯು ಬೆಳಗಾವಿ ನಗರವು ಮೈಸೂರಿನಲ್ಲಿಯೇ ಇರಬೇಕೆಂದಿತು. ನಿಪ್ಪಾಣಿ, ಖಾನಾಪುರ, ನಂದಗಡಗಳನ್ನು ಒಳಗೊಂಡು ೨೬೪ ಊರುಗಳನ್ನು ಮಹಾರಾಷ್ಟ್ರಕ್ಕೂ, ಅತ್ತಲಿಂದ ೨೪೭ ಹಳ್ಳಿಗಳನ್ನು ಇತ್ತಲೂ ಕೊಡಬೇಕೆಂದಿತು. ಮಹಾರಾಷ್ಟ್ರವು ಅದನ್ನು ಒಪ್ಪಲಿಲ್ಲ. ೨೦೦೪ರಲ್ಲಿ ಸರ್ವೋಚ್ಚ ನ್ಯಾಯಾಲಯದಲ್ಲಿ ದಾವೆ ಹೂಡಿತು. ಇಷ್ಟು ಸಂಗತಿ. ಆದರೆ ಕನ್ನಡದ ಸಾರ್ವಜನಿಕ ಭಾಷಣಗಳಲ್ಲಿ 'ಮಹಾಜನ ವರದಿಯೇ ಅಂತಿಮ' ಎಂಬ ಘೋಷಣೆಯು ಎಷ್ಟು ಸಲ ಕೇಳಿಬರುವುದೋ, ಆ ವರದಿಯು ಖಾನಾಪುರದ ಪೇಟೆಯನ್ನು ಬಿಟ್ಟುಕೊಡಲು ಹೇಳಿತ್ತೆಂಬ ಮಾತು ಅಷ್ಟೇ ವಿರಳವಾಗಿ ಕೇಳಿಬರುವುದು. ಮರಾಠಿಯ ಕಡೆಯಲ್ಲಿ ವರದಿಯ ಅನ್ಯಾಯವನ್ನು ಕುರಿತು ಬರೆದಷ್ಟು, ಆಯೋಗವನ್ನು ಬೇಡಿದವರು ತಾವೇ ಎಂಬುದನ್ನು ಕುರಿತು ಬರೆಯುವುದಿಲ್ಲ. ಎರಡು ಭಾಷೆಗಳಲ್ಲಿಯೂ ಸುಳ್ಳನ್ನೇ ಬರೆದರೆಂದು ನಾವು ಹೇಳುತ್ತಿಲ್ಲ. ಪ್ರತಿಯೊಂದು ಭಾಷೆಯ ವಾಚಕನಿಗೂ ಸತ್ಯದ ಒಂದೊಂದು ಹೋಳು ದೊರೆಯಿತು. ಎರಡನ್ನೂ ಓದಬಲ್ಲ ಖಾನಾಪುರದ ದ್ವಿಭಾಷಿಕನೊಬ್ಬನೇ ಪೂರ್ಣ ವರದಿಯ ವಾರಸುದಾರನಾದನು. ಅವನನ್ನು ಕೇಳಿದವರು ಯಾರೂ ಇಲ್ಲ.

ಖಾನಾಪುರ ತಾಲೂಕಿಗೆ ಇನ್ನೊಂದು ವಿಶೇಷವಿದೆ. ಮಲಪ್ರಭೆಯು ಕಣಕುಂಬಿಯಲ್ಲಿ ಹುಟ್ಟಿ ಪೂರ್ವಕ್ಕೆ ಹರಿದು ಕೃಷ್ಣೆಯನ್ನು ಸೇರುವುದು. ಅದೇ ತಾಲೂಕಿನ ದೇಗಾಂವದ ಕಾಡಿನಲ್ಲಿ ಹುಟ್ಟುವ ಮಹದಾಯಿಯು ಪಶ್ಚಿಮಕ್ಕೆ ಇಳಿದು ಗೋವೆಯಲ್ಲಿ ಮ್ಹಾದಯಿಯೆನಿಸಿ, ಪಣಜಿಯ ಬಳಿ ಮಾಂಡವಿಯಾಗಿ ಸಮುದ್ರವನ್ನು ಕೂಡುವುದು. ಕಳಸಾ, ಬಂಡೂರಿ ಹಳ್ಳಗಳ ನೀರನ್ನು ಮಲಪ್ರಭೆಗೆ ತಿರುಗಿಸಬೇಕೆಂಬುದು ಉತ್ತರ ಕರ್ನಾಟಕದ ಬಹುಕಾಲದ ಬೇಡಿಕೆ. ೨೦೧೫ರಲ್ಲಿ ನರಗುಂದದಲ್ಲಿ ಆರಂಭವಾದ ರೈತರ ಧರಣಿಯು ಈ ಬೇಡಿಕೆಯನ್ನು ಕನ್ನಡ ನಾಡಿನ ಮನೆಮನೆಗೆ ಮುಟ್ಟಿಸಿತು. ೨೦೧೦ರಲ್ಲಿ ರಚಿತವಾದ ನ್ಯಾಯಾಧಿಕರಣವು ೨೦೧೮ರ ಆಗಸ್ಟ್ ೧೪ರಂದು ತೀರ್ಪನ್ನಿತ್ತಿತು: ಕರ್ನಾಟಕಕ್ಕೆ ೧೩.೪೨, ಗೋವೆಗೆ ೨೪, ಮಹಾರಾಷ್ಟ್ರಕ್ಕೆ ೧.೩೩ ಶತಕೋಟಿ ಘನ ಅಡಿ ನೀರು. ಕರ್ನಾಟಕದ ಪಾಲಿನಲ್ಲಿ ೮.೦೨ ಭಾಗವು ವಿದ್ಯುತ್ತಿಗಾಗಿ. ಕಳಸಾ ಬಂಡೂರಿಗಳಿಂದ ಮಲಪ್ರಭೆಗೆ ತಿರುಗಿಸಬಹುದಾದದ್ದು ೩.೯ ಮಾತ್ರ. ನಮ್ಮ ಕಡೆಯ ಪತ್ರಿಕೆಯು ೧೩.೪೨ನ್ನು ತಲೆಬರಹವಾಗಿ ಹಾಕಿದರೆ ತಪ್ಪಿಲ್ಲ. ಆಚೆಯ ಪತ್ರಿಕೆಯು ನದಿಯನ್ನು ತಾಯಿಯೆಂದು ಕರೆದು ತಾಯಿಯ ಹಾಲನ್ನು ಕದಿಯುತ್ತಾರೆಂದು ಬರೆದರೆ ಅದರ ವಾಚಕನು ಒಪ್ಪುವನು. ಒಂದು ಕಡೆ ಇದು ಕುಡಿಯುವ ನೀರಿನ ವಾರ್ತೆ, ಮತ್ತೊಂದು ಕಡೆ ಕಾಡಿನ ಮತ್ತು ಉಪ್ಪುನೀರಿನ ವಾರ್ತೆ. ನರಗುಂದದ ಹೊಲದ ಬಿರುಕು ಗೋವೆಯ ಪತ್ರಿಕೆಯಲ್ಲಿ ಕಾಣದು. ಮಾಂಡವಿಯಲ್ಲಿ ಸಿಹಿನೀರು ಕಡಿಮೆಯಾದರೆ ಸಮುದ್ರದ ಉಪ್ಪು ಮೇಲಕ್ಕೇರುವುದೆಂಬ ಅಲ್ಲಿಯ ಬೆಸ್ತ, ತೋಟಿಗರ ಭೀತಿಯು ನಮ್ಮ ಪತ್ರಿಕೆಯಲ್ಲಿ ಕಾಣದು. ಕೇಂದ್ರ ಜಲ ಆಯೋಗವು ೨೦೨೨ರ ಡಿಸೆಂಬರಿನಲ್ಲಿ ಕರ್ನಾಟಕದ ಯೋಜನಾ ವರದಿಗೆ ಒಪ್ಪಿಗೆಯಿತ್ತಾಗ ಈಚೆ ಸಿಹಿ ಹಂಚಿದರು, ಆಚೆ ಸಭೆ ಕೂಡಿದರು. ಇವೆರಡರ ನಡುವೆ ನಿಂತ ಕಣಕುಂಬಿಯವರು ಎರಡು ಕಡೆಯ ಪತ್ರಿಕೆಗಳಲ್ಲಿಯೂ ಕೇವಲ ಸ್ಥಳನಾಮವಾಗಿದ್ದಾರೆ.

ಇದನ್ನೆಲ್ಲ ನೋಡಿದ ಮೇಲೆ, ಸುದ್ದಿಯ ಪರಿಮಾಣ ಹೆಚ್ಚಿದಷ್ಟೂ ಸಾಮೀಪ್ಯ ಹೆಚ್ಚುವುದೆಂಬ ಸಿದ್ಧಾಂತವನ್ನು ನಾವು ಒಪ್ಪಲಾರೆವು. ಪರಿಮಾಣವಂತೂ ಇಂದು ಮಿತಿಮೀರಿದೆ. ೨೦೨೨ರ ಡಿಸೆಂಬರಿನಲ್ಲಿ ಬೆಳಗಾವಿಯ ಬಳಿ ವಾಹನಗಳಿಗೆ ಕಲ್ಲು ಬಿದ್ದಾಗ, ಆಚೆಯ ಊರುಗಳಲ್ಲಿ ಅದಕ್ಕೆ ಪ್ರತೀಕಾರವಾಗಿ ಕರ್ನಾಟಕದ ಬಸ್ಸುಗಳಿಗೆ ಮಸಿ ಬಳಿಯಲು ಬಹಳ ಹೊತ್ತು ಹಿಡಿಯಲಿಲ್ಲ. ಮೊಬೈಲಿನ ಚಿತ್ರಗಳು ಅದಕ್ಕಿಂತ ಮೊದಲೇ ತಲಪಿದ್ದವು. ೨೦೨೫ರ ಫೆಬ್ರವರಿಯಲ್ಲಿ ಬೆಳಗಾವಿ ತಾಲೂಕಿನ ಬಸ್ಸೊಂದರಲ್ಲಿ ನಿರ್ವಾಹಕನ ಮೇಲೆ ಭಾಷೆಯ ಕಾರಣದಿಂದ ಹಲ್ಲೆಯಾದಾಗಲೂ ಎರಡು ರಾಜ್ಯಗಳ ನಡುವಿನ ಬಸ್ಸುಗಳು ಕೆಲವು ದಿನ ನಿಂತವು. ೧೯೫೫ರಲ್ಲಿ ಅಂಚೆ, ರೈಲುಗಳು ನಿಂತಾಗ ಧ್ವನಿಯೊಂದು ಕಾಡಿನಿಂದ ಹೊರಟು ಜನರನ್ನು ಕೂಡಿಸಿತು. ಈಗ ಧ್ವನಿಗಳು ನೂರಾರು, ನಿಲ್ಲುವುದು ಬಸ್ಸು. ಉಪಗ್ರಹದ ದೂರದರ್ಶನವು ಬಂದ ಮೇಲೆ ಒಂದು ವಠಾರದ ಎರಡು ಮನೆಗಳು ಎರಡು ರಾಜಧಾನಿಗಳ ಸುದ್ದಿಯನ್ನು ಮಾತ್ರ ನೋಡುತ್ತ ಬಾಳಬಹುದಾಗಿದೆ. ರೇಡಿಯೋದ ಮುಳ್ಳು ಒಂದು ಕೇಂದ್ರದಿಂದ ಮತ್ತೊಂದಕ್ಕೆ ಹೋಗುವಾಗ ನಡುವಿನ ಕೇಂದ್ರಗಳನ್ನು ಹಾದೇ ಹೋಗಬೇಕಾಗಿತ್ತು. ಇಂದಿನ ಸಾಧನದಲ್ಲಿ ಬೇಡವಾದುದನ್ನು ಹಾಯುವ ಪ್ರಸಂಗವೇ ಬಾರದು.

ನೆರೆಯವರ ಪತ್ರಿಕೆಯೇ ಕೈಗೆ ಬಾರದ ದೇಶಗಳ ಸ್ಥಿತಿ ಇದಕ್ಕಿಂತ ಕಠಿಣವಾದುದೆಂಬುದನ್ನೂ ಹೇಳಬೇಕು. ಸಾರ್ಕ್ ಸಂಸ್ಥೆಯು ೧೯೮೫ರಲ್ಲಿ ಹುಟ್ಟಿ, ೧೯೮೭ರಲ್ಲಿ ಸದಸ್ಯ ರಾಷ್ಟ್ರಗಳ ನಡುವೆ ಬಾನುಲಿ, ದೂರದರ್ಶನ ಕಾರ್ಯಕ್ರಮಗಳ ವಿನಿಮಯವನ್ನು ಏರ್ಪಡಿಸಿತು. ಸರಕಾರಗಳು ಆರಿಸಿದ ಆ ಕಾರ್ಯಕ್ರಮಗಳು ಯಾರ ಮನಸ್ಸನ್ನೂ ನೋಯಿಸಲಿಲ್ಲ, ಯಾರ ಮನಸ್ಸನ್ನೂ ಮುಟ್ಟಲೂ ಇಲ್ಲ. ಫ್ರಾನ್ಸ್ ಮತ್ತು ಜರ್ಮನಿಗಳು ೧೯೯೨ರಲ್ಲಿ ಸ್ಟ್ರಾಸ್‌ಬರ್ಗ್ ಎಂಬ ಗಡಿಯ ಊರಿನಿಂದ 'ಆರ್ಟೆ' ಎಂಬ ದೂರದರ್ಶನ ಕೇಂದ್ರವನ್ನು ಕೂಡಿ ನಡೆಸತೊಡಗಿದವು. ಒಂದೇ ಕಾರ್ಯಕ್ರಮವು ಎರಡು ಭಾಷೆಗಳಲ್ಲಿ ಎರಡು ದೇಶಗಳಿಗೂ ಹೋಗುವುದು ಅದರ ವೈಶಿಷ್ಟ್ಯ. ಆ ಊರಿಗಾಗಿಯೂ ಹಿಂದೆ ಯುದ್ಧಗಳು ನಡೆದಿದ್ದವು.

ಬೆಳಗಾವಿಯಲ್ಲಿ ಅಂತಹ ಸಂಸ್ಥೆಯಿಲ್ಲ. ಆದರೆ ಅದರ ಬೀಜವು ಇಲ್ಲದಿಲ್ಲ. ಹರಿ ನಾರಾಯಣ ಆಪಟೆಯವರ ಮರಾಠಿ ಕಾದಂಬರಿಗಳನ್ನು ಗಳಗನಾಥರು ಕನ್ನಡಕ್ಕೆ ತಂದ ಕಾಲದಿಂದಲೂ ಈ ಸೀಮೆಯು ಭಾಷಾಂತರದ ನೆಲ. ಇಲ್ಲಿಯ ಪತ್ರಿಕಾ ಪ್ರತಿನಿಧಿಗಳಲ್ಲಿ ಹಲವರು ಎರಡು ಭಾಷೆಗಳನ್ನು ಓದಬಲ್ಲರು, ಮೂರನ್ನು ಆಡಬಲ್ಲರು. ಪತ್ರಿಕಾಗೋಷ್ಠಿಯಲ್ಲಿ ಪಕ್ಕಪಕ್ಕದಲ್ಲಿ ಕೂತು ಒಬ್ಬರ ಟಿಪ್ಪಣಿಯನ್ನು ಮತ್ತೊಬ್ಬರು ನೋಡಿಕೊಳ್ಳುವರು. ಆ ಸೌಹಾರ್ದವು ಮರುದಿನದ ಅಚ್ಚಿಗೆ ಬರುವುದಿಲ್ಲವೆಂಬುದೇ ಕೊರತೆ. ಬರುವುದು ಎಲ್ಲಿಯೆಂದರೆ ಒಳಪುಟಗಳಲ್ಲಿ. ಬೆಳಗಾವಿಯ ಪೇಟೆಯ ಕಾಯಿಪಲ್ಲೆಯು ಚೋರ್ಲಾ, ಅನಮೋಡ ಘಟ್ಟಗಳನ್ನಿಳಿದು ಗೋವೆಯ ಅಡಿಗೆಮನೆಗೆ ಹೋಗುವುದು. ಘಟ್ಟದಲ್ಲಿ ಗುಡ್ಡ ಕುಸಿದರೆ ಎರಡು ಕಡೆಯ ಪತ್ರಿಕೆಗಳೂ ಅದನ್ನು ಒಂದೇ ರೀತಿಯಲ್ಲಿ ವರದಿ ಮಾಡುವುವು. ಪೇಟೆಧಾರಣೆ, ಮಳೆಯ ಅಳತೆ, ರೈಲಿನ ವೇಳೆ, ನಿಧನವಾರ್ತೆ ಇವುಗಳಲ್ಲಿ ಗಡಿಯು ಕಾಣುವುದಿಲ್ಲ. ಮುಖಪುಟವು ಅಗಲಿಸಿದುದನ್ನು ಒಳಪುಟವು ಸದ್ದಿಲ್ಲದೆ ಹೊಲಿಯುತ್ತಿದೆಯೆಂದು ನಮ್ಮ ಅಭಿಪ್ರಾಯ. ಡಾಯ್ಚ್ ಅವರು ಹೇಳಿದ ಓಗೊಡುವ ಅಭ್ಯಾಸಕ್ಕೆ ಈ ಸೀಮೆಯಲ್ಲಿ ಯಾವುದಾದರೂ ಆಧಾರವಿದ್ದರೆ ಅದು ಇದೇ.

ಇಲ್ಲಿಂದ ಮುಂದೆ ಮಾಡಬೇಕಾದ ಕೆಲಸವು ಬಹು ದೊಡ್ಡದೇನೂ ಅಲ್ಲ. ಮಹಾಜನ ವರದಿಯ ಮತ್ತು ಮಹದಾಯಿ ತೀರ್ಪಿನ ಮುಖ್ಯಾಂಶಗಳನ್ನು ಒಂದೇ ಪಾಠವಾಗಿ ಕನ್ನಡ, ಮರಾಠಿ, ಕೊಂಕಣಿಗಳಲ್ಲಿ ಸಿದ್ಧಪಡಿಸಿ ಮೂರು ಕಡೆಯ ಪತ್ರಿಕೆಗಳಿಗೂ ಒದಗಿಸುವುದು ಯಾವ ವಿಶ್ವವಿದ್ಯಾಲಯದ ವಿಭಾಗಕ್ಕೂ ಶಕ್ಯವಾದುದು. ಕ್ಯಾಸಲ್‌ರಾಕಿನ ಬಾನುಲಿಯನ್ನು ಕುರಿತು ಕನ್ನಡದಲ್ಲಿ ಒಂದು ಸಮಗ್ರ ವೃತ್ತಾಂತವು ಬರಬೇಕಾಗಿದೆ. ಕಾಡಿನಲ್ಲಿದ್ದ ಆ ಆರು ವರ್ಷಗಳಲ್ಲಿ ಅವರಿಗೆ ಅಕ್ಕಿ, ಎಣ್ಣೆ, ಹಳೆಯ ಪತ್ರಿಕೆಗಳನ್ನು ಮುಟ್ಟಿಸಿದ ಘಟ್ಟದ ಹಳ್ಳಿಗಳವರ, ರೈಲಿನ ಕೆಲಸಗಾರರ ನೆನಪುಗಳು ಎಲ್ಲಿಯಾದರೂ ಉಳಿದಿದ್ದರೆ ಅವು ಕನ್ನಡ, ಮರಾಠಿ, ಕೊಂಕಣಿ ಮೂರರಲ್ಲಿಯೂ ಇರಬೇಕು. ಲೋಂಡಾದಿಂದ ಆರಂಭಿಸಿ ಅವುಗಳನ್ನು ಸಂಗ್ರಹಿಸಬಹುದು.